ಕೇಳಿ, ಹೇಳುತ್ತೇವೆ: ವೈರ್‌ಲೆಸ್ ಕೀಬೋರ್ಡ್, ಮೌಸ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವೈರ್‌ಲೆಸ್ ಕೀಬೋರ್ಡ್, ಮೌಸ್‌ಗಳದ್ದೇ. "ಹೊಸದು ತಗೊಂಡುಬಿಡಲೇ?" ಎಂದು ಹಲವರು ಕೇಳಿದ್ದಾರೆ. ಬಹುತೇಕರಿಗೆ ನಮ್ಮ ಉತ್ತರ, ಈಗಲೇ ಬೇಡ. ತೊಂದರೆ ಸಾಮಾನ್ಯವಾಗಿ ಇರುವುದು ರಿಸೀವರ್ (ಸಂಕೇತ ಹಿಡಿಯಲು ಕಂಪ್ಯೂಟರಿನ ಯುಎಸ್‌ಬಿ ಸಾಕೆಟ್ಟಿಗೆ ಹಾಕುವ ಪುಟ್ಟ ತುಂಡು) ಸಿಕ್ಕಿಸಿದ ಜಾಗದಲ್ಲಿ, ಇಲ್ಲವೇ ಒಳಗಿನ ಸೆಲ್ಲಿನಲ್ಲಿ. ಎರಡನ್ನೂ ಮನೆಯಲ್ಲೇ ಸರಿಪಡಿಸಬಹುದು.

ಪ್ರಶ್ನೆ: ನಮ್ಮದು ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ತಂದ ಡೆಸ್ಕ್‌ಟಾಪ್. ಸಿಪಿಯು ಮೇಜಿನ ಕೆಳಗಿದೆ, ರಿಸೀವರ್ ಅದರ ಹಿಂಬದಿಯಲ್ಲಿದೆ. ಮಾಮೂಲಿ ಕೆಲಸಕ್ಕೆ ತೊಂದರೆಯಿಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಫೋಟೊ, ವಿಡಿಯೊ ಕಾಪಿ ಹಾಕಿದಾಗ ಮಾತ್ರ ಮೌಸ್ ತಡೆತಡೆದು ಓಡುತ್ತದೆ, ಟೈಪ್ ಮಾಡಿದರೆ ಅಕ್ಷರಗಳು ಬಿಟ್ಟುಹೋಗುತ್ತವೆ. ಸೆಲ್ ಬದಲಾಯಿಸಿದರೂ ಅಷ್ಟೇ.
— ಓದುಗರು, ರಾಜಾಜಿನಗರ

ಉತ್ತರ: ಕಾಪಿ ಮಾಡುವಾಗ ಮಾತ್ರ ಎಂದಿರಲ್ಲ, ಕಾರಣ ಅಲ್ಲೇ ಇದೆ. ನಿಮ್ಮ ಕೀಬೋರ್ಡ್, ಮೌಸ್ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ 2.400ರಿಂದ 2.4835 ಗಿಗಾಹರ್ಟ್ಸ್ ನಡುವೆ, ರಿಸೀವರಿಗೆ ಸಂಕೇತ ಕಳಿಸುತ್ತವೆ. ಭಾರತದಲ್ಲಿ 2005ರಿಂದ ಕಡಿಮೆ ಶಕ್ತಿಯ ಉಪಕರಣಗಳು ಈ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಹಾಗಾಗಿ ವೈ-ಫೈ, ಬ್ಲೂಟೂತ್ ಎಲ್ಲವೂ ಇಲ್ಲೇ ಒತ್ತಿಕೊಂಡಿವೆ.

ನಿಮ್ಮ ಹಾರ್ಡ್ ಡಿಸ್ಕ್ ಬಹುಶಃ ಯುಎಸ್‌ಬಿ 3.0. ಅದರಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ, ಆ ವೇಗದಿಂದ ಹುಟ್ಟುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಪ್ರಕಟಿಸಿದೆ. ಗದ್ದಲ ಸೋರುವುದು ಡಿಸ್ಕ್‌ನಿಂದ, ಅದರ ಕೇಬಲ್‌ನಿಂದ, ಸಾಕೆಟ್ಟಿನಿಂದ. ನಿಮ್ಮ ರಿಸೀವರ್ ಆ ಸಾಕೆಟ್ಟಿಗೆ ಎರಡು ಬೆರಳು ದೂರದಲ್ಲಿದೆ, ಮೌಸ್ ಇರುವುದು ಒಂದು ಮೀಟರ್ ಆಚೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಬೆಲೆ ಕೂಗುವವರ ಪಕ್ಕ ನಿಂತು ಫೋನಿನಲ್ಲಿ ಮಾತು ಕೇಳಿಸಿಕೊಂಡ ಹಾಗೆ ಆಗುತ್ತದೆ. ಇದಕ್ಕೆ ಹೊಸ ಸೆಲ್ ಏನೂ ಮಾಡಲಾರದು. ಸಾಲದ್ದಕ್ಕೆ ಸಿಪಿಯುವಿನ ತಗಡಿನ ಪೆಟ್ಟಿಗೆ ಮೌಸಿಗೂ ರಿಸೀವರಿಗೂ ನಡುವೆ ಗೋಡೆಯಾಗಿ ನಿಂತಿದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಕಾಪಿ ನಡೆಯುತ್ತಿರುವಾಗಲೇ ರಿಸೀವರ್ ಕಿತ್ತು ಸಿಪಿಯುವಿನ ಮುಂಭಾಗದ ಸಾಕೆಟ್ಟಿಗೆ ಹಾಕಿ. ತಡವರಿಕೆ ಕಡಿಮೆಯಾದರೆ ರೋಗ ಗೊತ್ತಾಯಿತು. ಒಳಗಿನ ನಾಲಿಗೆ ನೀಲಿಯಾಗಿರುವುದು ಸಾಮಾನ್ಯವಾಗಿ 3.0 ಸಾಕೆಟ್, ಕಪ್ಪಗಿರುವುದು 2.0. ರಿಸೀವರ್ ಕಪ್ಪಿಗೆ ಹೋಗಲಿ. ಆದರೆ ಕಪ್ಪು ಸಾಕೆಟ್ ನೀಲಿಗೆ ಅಂಟಿಕೊಂಡೇ ಇದ್ದರೆ ಅದರಿಂದ ದೊಡ್ಡ ಲಾಭವಿಲ್ಲ. ಬೇಕಾದದ್ದು ದೂರ.

ಅದಕ್ಕೆ ಶಾಶ್ವತ ಪರಿಹಾರ ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್, ಒಂದರಿಂದ ಒಂದೂವರೆ ಮೀಟರ್ ಉದ್ದದ್ದು. ಒಂದು ತುದಿ ಸಿಪಿಯುವಿಗೆ, ಇನ್ನೊಂದು ತುದಿಯಲ್ಲಿ ರಿಸೀವರ್. ಅದನ್ನು ಮೇಜಿನ ಮೇಲೆ ಕೀಬೋರ್ಡಿನಿಂದ ಒಂದೆರಡು ಅಡಿ ದೂರದಲ್ಲಿ, ಹಾರ್ಡ್ ಡಿಸ್ಕ್ ಇರುವ ಕಡೆಗೆ ವಿರುದ್ಧ ದಿಕ್ಕಿನಲ್ಲಿಡಿ. ಅಂಗಡಿಯವರು 3.0 ಕೇಬಲ್ ತೋರಿಸಿದರೆ ಹೆಚ್ಚು ದುಡ್ಡು ಕೊಡಬೇಡಿ, ಈ ರಿಸೀವರಿಗೆ ಆ ವೇಗ ಬೇಕಿಲ್ಲ. ಹಾರ್ಡ್ ಡಿಸ್ಕ್ ಮತ್ತು ರಿಸೀವರ್ ಎರಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಸಿಕ್ಕಿಸುವುದಂತೂ ಬೇಡವೇ ಬೇಡ.

ಇಂಟರ್ನೆಟ್ ರೂಟರ್ ಮಾನಿಟರಿನ ಪಕ್ಕದಲ್ಲೇ ಇದ್ದರೆ ಅದನ್ನೂ ಒಂದು ಮೀಟರಿನಷ್ಟು ಆಚೆ ಸರಿಸಿ. ಅಪಾರ್ಟ್‌ಮೆಂಟುಗಳಲ್ಲಿ ಹತ್ತಾರು ಮನೆಗಳ ವೈ-ಫೈ ಒಂದರ ಮೇಲೊಂದು ಬಿದ್ದಿರುತ್ತದೆ. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ, ಆದರೆ ನಿಮ್ಮ ಫೋನ್, ಟಿವಿ, ಲ್ಯಾಪ್‌ಟಾಪ್‌ಗಳನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿದರೆ ನಿಮ್ಮ ಮನೆಯ ಪಾಲಿನ ಗದ್ದಲವಾದರೂ ಇಳಿಯುತ್ತದೆ.

ಪ್ರಶ್ನೆ: ಕೀಬೋರ್ಡಿನ ಸೆಲ್ ತಿಂಗಳೊಪ್ಪತ್ತಿಗೆ ಖಾಲಿಯಾಗುತ್ತಿದೆ. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲನ್ನೇ ಹಾಕುತ್ತೇವೆ. ಈಚೆಗೆ ತೆಗೆದು ನೋಡಿದರೆ ಸ್ಪ್ರಿಂಗಿನ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿದೆ. ಒರೆಸಿ ಹಾಕಿದರೂ ಕೀಬೋರ್ಡ್ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ.
— ಗೃಹಿಣಿ, ಬಸವನಗುಡಿ

ಉತ್ತರ: ಆ ಪುಡಿ ಸೆಲ್ ಸೋರಿದ್ದರ ಗುರುತು. ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಊದಬೇಡಿ.

ಶುಚಿ ಮಾಡುವ ಬಗೆ ಸೆಲ್ಲಿನ ಜಾತಿಯ ಮೇಲೆ ನಿಂತಿದೆ, ಆದ್ದರಿಂದ ಸೋರಿದ ಸೆಲ್ಲಿನ ಮೈಮೇಲೆ ಏನು ಬರೆದಿದೆ ಎಂದು ಮೊದಲು ಓದಿ. ಆಲ್ಕಲೈನ್ ಎಂದಿದ್ದರೆ ಸೋರಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹಿಂಡಿ, ಪುಡಿಯ ಮೇಲೆ ಒತ್ತಿ. ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವ ತನಕ ಹೊಸ ಕಡ್ಡಿಗಳಿಂದ ಒರೆಸಿ. ಆಲ್ಕಲೈನ್ ಎಂದು ಬರೆದಿಲ್ಲದ ಅಗ್ಗದ ಸೆಲ್ ಸಾಮಾನ್ಯವಾಗಿ ಜಿಂಕ್-ಕಾರ್ಬನ್, ಅದು ಸೋರಿದರೆ ಆಮ್ಲದ ಗುಣ. ಅಲ್ಲಿ ನಿಂಬೆರಸ ಬೇಡ, ಅಡುಗೆ ಸೋಡವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಹಚ್ಚಿ ಒರೆಸಿ. ಎರಡರಲ್ಲೂ ಕೊನೆಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಂದೆರಡು ಗಂಟೆ ಆರಲು ಬಿಡಿ. ಆಮೇಲೂ ಸ್ಪ್ರಿಂಗ್ ಕಪ್ಪಗಿದ್ದರೆ ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಲೋಹ ಹೊಳೆದರೆ ಸಾಕು. ನಿಮ್ಮ ಕೀಬೋರ್ಡ್ ಒಮ್ಮೆ ಹತ್ತಿ ಒಮ್ಮೆ ಹತ್ತದಿರುವುದು ಈ ಕಪ್ಪಿನಿಂದಲೇ ಇರಬೇಕು.

ಗಡಿಯಾರಕ್ಕೆ ಒಗ್ಗುವ ಸೆಲ್ ಇದಕ್ಕೆ ಯಾಕೆ ಬೇಡ? ಜಿಂಕ್-ಕಾರ್ಬನ್ ಸೆಲ್ಲಿನ ಹೊರಗಿನ ಸತುವಿನ ಡಬ್ಬವೇ ಅದರ ಋಣ ಧ್ರುವ. ಸೆಲ್ ಖರ್ಚಾದಂತೆ ಆ ಡಬ್ಬವೇ ಕರಗಿ ತೆಳುವಾಗುತ್ತದೆ, ತೂತು ಬೀಳುತ್ತದೆ. ಕೀಬೋರ್ಡಿಗೆ ಆಲ್ಕಲೈನ್ ಹಾಕಿ. ಎರಡು ಸೆಲ್ ಬೇಕಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸದು-ಹಳೆಯದು ಜೊತೆ ಮಾಡಿದರೆ ಹಳೆಯದು ಬೇಗ ಬರಿದಾಗಿ ಸೋರುತ್ತದೆ.

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನೂ ಹಾಕಬಹುದು. ಅವುಗಳ ವೋಲ್ಟೇಜ್ 1.5ರ ಬದಲು 1.2 ಇರುವುದರಿಂದ ಪರದೆಯ ಮೇಲಿನ ಬ್ಯಾಟರಿ ಗುರುತು ಮೊದಲಿನಿಂದಲೇ ಕಡಿಮೆ ತೋರಿಸಬಹುದು, ಗಾಬರಿ ಬೇಡ. ಆದರೆ ಒಂದು ಎಚ್ಚರ: ಟಾರ್ಚ್‌ಗಳಿಗೆಂದು ಮಾರುವ 14500 ಎಂಬ ಲಿಥಿಯಂ ಸೆಲ್ ನೋಡಲು ಪೆನ್ಸಿಲ್ ಸೆಲ್ಲಿನ ಅಳತೆಯದ್ದೇ, ಅದರ ವೋಲ್ಟೇಜ್ ಮಾತ್ರ 3.7. ಹಾಕಿದರೆ ಕೀಬೋರ್ಡ್ ಸುಟ್ಟುಹೋಗಬಹುದು.

ಸೆಲ್ ಬೇಗ ಮುಗಿಯಲು ಇನ್ನೊಂದು ಕಾರಣವನ್ನು ಯಾರೂ ಅನುಮಾನಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕೀಬೋರ್ಡ್ ಮೇಲೆ ಪುಸ್ತಕ, ಫೈಲು ಇಡುವುದು. ಕೀಲಿ ಒತ್ತಿಕೊಂಡೇ ಇದ್ದರೆ ಕೀಬೋರ್ಡ್ ನಿದ್ದೆಗೆ ಜಾರುವುದಿಲ್ಲ. ಅಡಿಯಲ್ಲಿರುವ ಸ್ವಿಚ್ ರಾತ್ರಿ ಆರಿಸಿ. ಬೇಸಿಗೆ ರಜೆಗೆ ಊರಿಗೆ ಹೋಗುವುದಿದ್ದರೆ ಸೆಲ್ಲನ್ನೇ ತೆಗೆದಿಡಿ. ಸೋರಿದ ಸೆಲ್ಲನ್ನು ಹಸಿ ಕಸಕ್ಕೆ ಹಾಕಬೇಡಿ, ಬೇರೆ ಕವರಿನಲ್ಲಿ ಕಟ್ಟಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಪ್ರಶ್ನೆ: ಮನೆ ಬದಲಾಯಿಸುವಾಗ ಮೌಸಿನ ರಿಸೀವರ್ ಕಳೆದುಹೋಯಿತು. ಬೇರೆ ರಿಸೀವರ್ ತಂದು ಹಾಕಿದರೆ ಆಗುತ್ತದೆಯೇ?
— ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲು ಮೌಸಿನ ಸೆಲ್ ಮುಚ್ಚಳ ತೆಗೆದು ನೋಡಿ. ರಿಸೀವರ್ ಇಡುವ ಗೂಡು ಅಲ್ಲೇ ಇರುತ್ತದೆ, ಸಾಗಿಸುವಾಗ ಯಾರಾದರೂ ಅಲ್ಲಿಟ್ಟಿರಬಹುದು. ಅಲ್ಲೂ ಇಲ್ಲದಿದ್ದರೆ ಮೌಸಿನ ಅಡಿಭಾಗ ನೋಡಿ. ಬ್ಲೂಟೂತ್ ಗುರುತಿನ ಗುಂಡಿ ಇದ್ದರೆ ರಿಸೀವರ್ ಇಲ್ಲದೆಯೇ ಜೋಡಿಸಬಹುದು.

ಅದೂ ಇಲ್ಲವೆಂದರೆ ಕಂಪನಿ, ಮಾದರಿ ಎರಡನ್ನೂ ನೋಡಬೇಕು. ಲಾಜಿಟೆಕ್‌ನವರ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತಿರುವ ಯೂನಿಫೈಯಿಂಗ್ ರಿಸೀವರ್ 2009ರಲ್ಲಿ ಬಂತು. ಅದೇ ಗುರುತಿರುವ ಕೀಬೋರ್ಡ್, ಮೌಸ್ ಸೇರಿ ಆರು ಸಾಧನಗಳನ್ನು ಒಂದೇ ರಿಸೀವರಿಗೆ ಕಟ್ಟಬಹುದು, ಕಳೆದರೆ ಹೊಸ ರಿಸೀವರ್ ಬಿಡಿಯಾಗಿ ತಂದು ಕಂಪನಿಯ ತಂತ್ರಾಂಶದಿಂದ ಜೋಡಿಸಿಕೊಳ್ಳಬಹುದು. 2021ರಲ್ಲಿ ಅವರದೇ ಲಾಜಿ ಬೋಲ್ಟ್ ಬಂತು. ಇದಕ್ಕೂ ಆರು ಸಾಧನ ಸೇರುತ್ತವೆ, ಆದರೆ ಬೋಲ್ಟ್ ಮೌಸ್ ಯೂನಿಫೈಯಿಂಗ್ ರಿಸೀವರಿಗೆ ಸೇರದು, ಯೂನಿಫೈಯಿಂಗ್ ಮೌಸ್ ಬೋಲ್ಟ್ ರಿಸೀವರಿಗೂ ಸೇರದು. ಅಂಗಡಿಯಲ್ಲಿ "ಎಲ್ಲ ಒಂದೇ ಸಾರ್" ಎಂದರೂ ಮೌಸಿನ ಅಡಿಯ ಗುರುತು ಹೊಂದಿಸಿಯೇ ಕೊಳ್ಳಿ.

ಇಂಥ ಗುರುತಿಲ್ಲದ ಅಗ್ಗದ ಸೆಟ್‌ಗಳಲ್ಲಿ ಮೌಸನ್ನೂ ರಿಸೀವರನ್ನೂ ಕಾರ್ಖಾನೆಯಲ್ಲೇ ಗಂಟು ಹಾಕಿ ಕಳಿಸಿರುತ್ತಾರೆ. ಅದೇ ಕಂಪನಿಯ ಅದೇ ಮಾದರಿಯ ಬೇರೆ ರಿಸೀವರ್ ತಂದರೂ ಸಾಮಾನ್ಯವಾಗಿ ಓಡುವುದಿಲ್ಲ. ಅಲ್ಲಿ ಮಾತ್ರ ಹೊಸದು ತೆಗೆದುಕೊಳ್ಳಿ.

ಪ್ರಶ್ನೆ: ಬ್ಲೂಟೂತ್ ಕೀಬೋರ್ಡ್ ಕೊಂಡೆ. ವಿಂಡೋಸ್ ಬಂದ ಮೇಲೆ ಸರಿಯಾಗಿದೆ, ಆದರೆ ಕಂಪ್ಯೂಟರ್ ಶುರುವಾಗುವಾಗ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಲು ಡಿಲೀಟ್ ಒತ್ತಿದರೆ ಏನೂ ಆಗುವುದಿಲ್ಲ. ಅಲ್ಲದೆ ಕುರ್ಚಿ ಸ್ವಲ್ಪ ಹಿಂದೆ ಸರಿಸಿದರೂ ಸಂಪರ್ಕ ತಪ್ಪುತ್ತದೆ. ಕೀಬೋರ್ಡ್ ದೋಷವೇ?
— ಓದುಗರು, ಯಲಹಂಕ

ಉತ್ತರ: ಮೊದಲನೆಯದು ದೋಷವಲ್ಲ. ಹೆಚ್ಚಿನ ಮನೆ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಎಚ್ಚರಗೊಳ್ಳುವುದು ವಿಂಡೋಸ್ ಬಂದ ಮೇಲೆಯೇ. ರಿಸೀವರ್ ಇರುವ ಕೀಬೋರ್ಡನ್ನಾದರೆ ಕಂಪ್ಯೂಟರ್ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಎಂದೇ ತಿಳಿಯುತ್ತದೆ, ಹಾಗಾಗಿ ಬಯೋಸ್‌ನಲ್ಲೂ ಓಡುತ್ತದೆ. ವಿಂಡೋಸ್ ಮತ್ತೆ ಹಾಕಿಸುವ ದಿನ ಬ್ಲೂಟೂತ್ ಜೋಡಣೆಯೂ ಅಳಿಸಿಹೋಗುತ್ತದೆ. ಅಂಥ ದಿನಕ್ಕೆಂದು ಒಂದು ಹಳೆಯ ವೈರಿನ ಕೀಬೋರ್ಡ್ ಅಟ್ಟದ ಮೇಲೆ ಇರಲಿ, ಎಸೆಯಬೇಡಿ.

ಎರಡನೆಯದಕ್ಕೆ ಸಿಪಿಯುವಿನ ಹಿಂಬದಿ ನೋಡಿ. ಮದರ್‌ಬೋರ್ಡಿನಲ್ಲೇ ವೈ-ಫೈ, ಬ್ಲೂಟೂತ್ ಇದ್ದರೆ ಅಲ್ಲಿ ಚಿನ್ನದ ಬಣ್ಣದ, ತಿರುಪಿರುವ ಎರಡು ಸಣ್ಣ ಮೊಳೆಗಳು ಹೊರಚಾಚಿರುತ್ತವೆ. ಅವುಗಳಿಗೆ ತಿರುಗಿಸಿ ಕೂರಿಸಬೇಕಾದ ಆಂಟೆನಾ ಮದರ್‌ಬೋರ್ಡಿನ ಡಬ್ಬದಲ್ಲೇ ಉಳಿದಿರುತ್ತದೆ. ಇಂಟರ್ನೆಟ್ಟಿಗೆ ಕೇಬಲ್ ಇದ್ದಾಗ ಜೋಡಿಸಿಕೊಟ್ಟವರು "ವೈ-ಫೈ ಬೇಕಿಲ್ಲವಲ್ಲ" ಎಂದು ಬಿಟ್ಟುಬಿಡುತ್ತಾರೆ. ಬ್ಲೂಟೂತ್ ಕೂಡ ಅದೇ ಆಂಟೆನಾದಿಂದ ಕೆಲಸ ಮಾಡುವುದು. ಆಂಟೆನಾ ಇಲ್ಲದಿದ್ದರೆ ಕೀಬೋರ್ಡ್ ಮೂರು-ನಾಲ್ಕು ಅಡಿಗೇ ತಡವರಿಸುತ್ತದೆ. ಹುಡುಕಿ ಹಾಕಿ, ಎರಡನ್ನೂ ಹಾಕಿ. ಮೊಳೆಗಳೇ ಇಲ್ಲದೆ ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಡಾಂಗಲ್ ಬಳಸುತ್ತಿದ್ದರೆ, ರಾಜಾಜಿನಗರದವರಿಗೆ ಹೇಳಿದ ಎಕ್ಸ್‌ಟೆನ್ಷನ್ ಕೇಬಲ್ಲೇ ನಿಮಗೂ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಮಗ ತಂದುಕೊಟ್ಟ ಚಿಕ್ಕ ವೈರ್‌ಲೆಸ್ ಕೀಬೋರ್ಡಿನಲ್ಲಿ ಇಂಗ್ಲಿಷ್ ಮಾತ್ರ ಬರುತ್ತಿದೆ. ಕನ್ನಡಕ್ಕೆ ಬೇರೆ ಕೀಬೋರ್ಡ್ ಬೇಕೆ?
— ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಉತ್ತರ: ಬೇಕಿಲ್ಲ, ಗುರುಗಳೇ. ಕೀಬೋರ್ಡ್ ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬ ಸುದ್ದಿ ಮಾತ್ರ. ಅದಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರ್. ನುಡಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಸ್ಕ್ರೋಲ್ ಲಾಕ್ ಕೀಲಿ ಒತ್ತುತ್ತೀರಿ. ಜಾಗ ಉಳಿಸಲು ಮಾಡಿದ ಚಿಕ್ಕ ಕೀಬೋರ್ಡುಗಳಲ್ಲಿ ಆ ಕೀಲಿಯನ್ನೇ ಬಿಟ್ಟಿರುತ್ತಾರೆ. ಕೆಲವದರಲ್ಲಿ ಎಫ್‌ಎನ್ ಜೊತೆ ಇನ್ನೊಂದು ಕೀಲಿ ಒತ್ತಿದರೆ ಬರುತ್ತದೆ, ಕೀಲಿಗಳ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಹುಡುಕಿ ನೋಡಿ.

ಇಲ್ಲದಿದ್ದರೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೇ ಒಂದು ಕೀಬೋರ್ಡ್ ಮೂಡುತ್ತದೆ, ಅದರಲ್ಲಿರುವ ಸ್ಕ್ರೋಲ್ ಲಾಕ್ ಮೇಲೆ ಮೌಸಿನಿಂದ ಒತ್ತಿ. ದಿನಕ್ಕೆ ನಾಲ್ಕಾರು ಪುಟ ಬರೆಯುವವರಾದರೆ ಇದು ರೇಜಿಗೆ. ಪೂರ್ಣ ಅಳತೆಯ ಕೀಬೋರ್ಡಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು, ಆದರೆ ಸ್ಕ್ರೋಲ್ ಲಾಕ್ ಕೀಲಿಯನ್ನು ಕಣ್ಣಾರೆ ನೋಡಿ ಕೊಳ್ಳಿ. ವಿಂಡೋಸ್‌ನಲ್ಲೇ ಇರುವ ಕನ್ನಡ ಫೊನೆಟಿಕ್ ಅಥವಾ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಬಳಸುವವರಿಗೆ ಈ ತೊಂದರೆಯಿಲ್ಲ, ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಹೊರಳುತ್ತದೆ.

ಪ್ರಶ್ನೆ: ಪಕ್ಕದ ಫ್ಲ್ಯಾಟಿನವರದೂ ನಮ್ಮದೇ ಮಾದರಿಯ ಸೆಟ್. ನಾನು ಒತ್ತಿದ ಬ್ಯಾಂಕ್ ಪಾಸ್‌ವರ್ಡ್ ಅವರ ಕಂಪ್ಯೂಟರಿಗೆ ಹೋಗಬಹುದೇ?
— ಓದುಗರು, ಬನಶಂಕರಿ

ಉತ್ತರ: ತಾನಾಗಿ ಹೋಗುವುದಿಲ್ಲ. ಪ್ರತಿ ರಿಸೀವರ್ ತನಗೆ ಜೋಡಿಸಿದ ಸಾಧನದ ವಿಳಾಸವನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಆದರೆ ಬೇಕೆಂದೇ ಕದ್ದು ಕೇಳುವವರ ವಿಷಯ ಬೇರೆ. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಎರಡು ದೋಷಗಳನ್ನು ಬಯಲು ಮಾಡಿತು. ಮೌಸ್‌ಜ್ಯಾಕ್ ಎಂಬುದರಲ್ಲಿ, ಹಲವು ಕಂಪನಿಗಳ ರಿಸೀವರುಗಳಿಗೆ ಸುಮಾರು 100 ಮೀಟರ್ ದೂರದಿಂದ ನಕಲಿ ಕೀಲಿ ಒತ್ತುಗಳನ್ನು ತೂರಿಸಬಹುದಿತ್ತು. ಕೀಸ್ನಿಫರ್ ಎಂಬುದರಲ್ಲಿ, ಕೆಲವು ಅಗ್ಗದ ಕೀಬೋರ್ಡುಗಳು ಒತ್ತಿದ ಅಕ್ಷರವನ್ನು ಗೂಢಲಿಪಿಗೆ ಬದಲಿಸದೆ ಬಯಲಿನಲ್ಲೇ ಕಳಿಸುತ್ತಿದ್ದವು. ಗೋಡೆ ಇದನ್ನು ತಡೆಯುವುದಿಲ್ಲ.

ನಿಮ್ಮ ಕೀಬೋರ್ಡಿನ ಡಬ್ಬ ಅಥವಾ ಕಂಪನಿಯ ಪುಟದಲ್ಲಿ 128 ಬಿಟ್ ಎಇಎಸ್ (ಗೂಢಲಿಪಿಯ ಒಂದು ಬಗೆ) ಎಂದಿದೆಯೇ ನೋಡಿ. ಇದ್ದರೆ ಅಕ್ಷರಗಳು ಮರೆಯಾಗಿಯೇ ಹೋಗುತ್ತವೆ. ಆ ಮಾತೇ ಎಲ್ಲೂ ಇಲ್ಲದ ಸೆಟ್ಟಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ, ವೈರಿನದ್ದು ಸಿಕ್ಕಿಸಿಕೊಳ್ಳಿ. ರಿಸೀವರಿಗೆ ಕಂಪನಿ ಹೊಸ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ಕೊಟ್ಟಿದ್ದರೆ ಹಾಕಿ. ಎದ್ದು ಹೋಗುವಾಗ ವಿಂಡೋಸ್ ಮತ್ತು ಎಲ್ ಒತ್ತಿ ಪರದೆಗೆ ಬೀಗ ಹಾಕುವುದು ರೂಢಿಯಾಗಲಿ.

ಪ್ರಶ್ನೆ: ಕೀಬೋರ್ಡ್ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇವೆ. ಸರಿಹೋಗುತ್ತದೆಯೇ?
— ಓದುಗರು, ಹನುಮಂತನಗರ

ಉತ್ತರ: ಅಕ್ಕಿಯಿಂದ ಈಗಲೇ ತೆಗೆಯಿರಿ, ಅಕ್ಕಿಹಿಟ್ಟಿನ ಧೂಳು ಕೀಲಿಗಳ ಸಂದಿಗೆ ಇಳಿಯುತ್ತದೆ. ಬರೀ ನೀರಾಗಿದ್ದರೆ ಸ್ವಿಚ್ ಆರಿಸಿ, ಸೆಲ್ ತೆಗೆದು, ಬೋರಲು ಹಾಕಿ ಫ್ಯಾನಿನ ಕೆಳಗೆ ಎರಡು ದಿನ ಇಟ್ಟರೆ ಹೆಚ್ಚಾಗಿ ಸಾಕು. ಬಿಸಿಲಿಗೂ ಹೇರ್ ಡ್ರೈಯರಿಗೂ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬೇಡ. ನಮ್ಮ ಕಾಫಿಯಲ್ಲಿ ಹಾಲೂ ಸಕ್ಕರೆಯೂ ಇರುತ್ತವಲ್ಲ, ನೀರು ಆರಿದ ಮೇಲೂ ಅಂಟು ಉಳಿಯುತ್ತದೆ, ಇರುವೆಯೂ ಬರುತ್ತದೆ.

ಸೆಲ್ ತೆಗೆದೇ ಇದೆ ಎಂದು ಖಾತ್ರಿ ಮಾಡಿಕೊಂಡು ಹಿಂಬದಿಯ ತಿರುಪುಗಳನ್ನು ಬಿಚ್ಚಿ. ಒಂದೆರಡು ತಿರುಪು ಸ್ಟಿಕ್ಕರ್ ಕೆಳಗೆ, ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಸಿಗದೆ ಎಳೆದರೆ ಕೊಕ್ಕೆ ಮುರಿಯುತ್ತದೆ. ಒಳಗೆ ಸಾಮಾನ್ಯವಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಇರುತ್ತವೆ, ತೆಗೆಯುವ ಮುನ್ನ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿ ಕಾಫಿ ಕಲೆ ಇರುವಲ್ಲಿ ಒತ್ತಿ ತೆಗೆಯಿರಿ. ಬೂದು ಬಣ್ಣದ ಗೆರೆಗಳ ಮೇಲೆ ಉಜ್ಜಬೇಡಿ, ವಿದ್ಯುತ್ ಹರಿಯುವುದು ಅವುಗಳಲ್ಲೇ, ಒಂದು ಗೆರೆ ಅಳಿಸಿದರೆ ಒಂದು ಸಾಲಿನ ಕೀಲಿಗಳೆಲ್ಲ ಸುಮ್ಮನಾಗುತ್ತವೆ. ಸ್ಪೇಸ್, ಎಂಟರ್ ಕೀಲಿಗಳ ಕೆಳಗೆ ತಂತಿಯ ಕೊಕ್ಕೆ ಇರುತ್ತದೆ, ಅವನ್ನು ಕೀಳದಿರುವುದೇ ಲೇಸು.

ಕೀಬೋರ್ಡ್ ಮೇಲೆ ಬೀಳುವುದು ಕಾಫಿ ಒಂದೇ ಅಲ್ಲ. ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಸಿಪಿಯುವಿನ ನೆತ್ತಿಗೆ ಇಡಿ. ಕೀಬೋರ್ಡಿಗೂ ಮೌಸಿಗೂ ಹೂವು ಸಾಕು. ಕುಂಕುಮದ ಪುಡಿ ಮೌಸಿನ ಅಡಿಯ ಕಣ್ಣಿಗೆ ಇಳಿದರೆ ಬಾಣದ ಗುರುತು ಕುಣಿಯತೊಡಗುತ್ತದೆ. ಇಳಿದಿದ್ದರೆ ಒಣ ಹತ್ತಿ ಕಡ್ಡಿಯಿಂದ ಒರೆಸಿ.

ಚುಟುಕಾಗಿ

ಗಾಜಿನ ಮೇಜು, ಹೊಳೆಯುವ ಗ್ರಾನೈಟ್ ಮೇಲೆ ಮೌಸ್ ಓಡುತ್ತಿಲ್ಲ ಎಂದವರಿಗೆ (ಜಯನಗರ): ಮೌಸ್ ತನ್ನ ಕೆಳಗಿನ ಮೇಲ್ಮೈಯ ಸಣ್ಣ ತರಿತರಿಯನ್ನು ನೋಡಿಯೇ ಚಲನೆ ಲೆಕ್ಕ ಹಾಕುವುದು. ಗಾಜಿನಲ್ಲಿ ನೋಡಲು ಏನೂ ಸಿಗುವುದಿಲ್ಲ. ಬಟ್ಟೆಯ ಮೌಸ್‌ಪ್ಯಾಡ್ ಹಾಕಿ.

ಕಂಪ್ಯೂಟರ್ ನಿದ್ದೆಯಿಂದ ಎದ್ದ ಮೇಲೆ ಮೌಸ್ ಸ್ಪಂದಿಸುತ್ತಿಲ್ಲ (ಕೆಂಗೇರಿ): ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಸಾಧನ ಆರಿಸಲು ಅನುಮತಿ ಕೊಡುವ ಟಿಕ್ ತೆಗೆಯಿರಿ. ರೂಟ್ ಹಬ್ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲದರಲ್ಲೂ ತೆಗೆಯಿರಿ.

ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ (ಆರ್.ಟಿ. ನಗರ): ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚಿನ ಲೋಹದ ಎಲೆ ಸವೆದಿದೆ. ಬೆಸುಗೆ ಹಾಕಲು ಬಲ್ಲವರು ಆ ಸ್ವಿಚ್ಚೊಂದನ್ನೇ ಬದಲಿಸಿಕೊಡುತ್ತಾರೆ. ಒಳ್ಳೆಯ ಮೌಸ್ ಆದರೆ ಬದಲಿಸಿಕೊಳ್ಳಿ, ತೀರಾ ಅಗ್ಗದ್ದಾದರೆ ಕೂಲಿಯೇ ಹೆಚ್ಚಾಗುತ್ತದೆ.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಅಸಲಿ ಎಂದು ತಿಳಿಯುವುದು ಹೇಗೆ (ನಾಗರಬಾವಿ): ವೈರ್‌ಲೆಸ್ ಕೀಬೋರ್ಡಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ, 2012ರ ಆದೇಶದ ಮೊದಲ ಪಟ್ಟಿಯಲ್ಲೇ ಅದಿದೆ. ಕೀಬೋರ್ಡಿನ ಅಡಿಯಲ್ಲಿ ಬಿಐಎಸ್ ಗುರುತೂ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ, ಡಬ್ಬದ ಮೇಲಿನ ಹೆಸರಿಗೆ ತಾಳೆ ನೋಡಿ. ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ರಿಸೀವರ್ ಸಿಕ್ಕಿಸಿ, ಪ್ರತಿ ಕೀಲಿಯನ್ನೂ ಒತ್ತಿ ನೋಡಿ. ವಾರಂಟಿಗೆ ಮಾದರಿ ಸಂಖ್ಯೆ ಬರೆದ ಬಿಲ್ಲೇ ಬೇಕು, ಬರೀ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಟ್ಟದ್ದು ಸಾಲದು.